ಸಾಫ್ಟ್‌ವೇರ್ ವೇಷದ ಹಾರ್ಡ್‌ವೇರ್ ದೋಷಗಳನ್ನು ಪತ್ತೆ ಹಚ್ಚುವುದು ಹೇಗೆ?

2024ರಲ್ಲಿ ಕಂಪ್ಯೂಟರ್ ಆಟಗಳನ್ನು ಆಡುವ ಅನೇಕರಿಗೆ ಒಂದೇ ಬಗೆಯ ಸಂದೇಶ ಮತ್ತೆ ಮತ್ತೆ ಎದುರಾಗತೊಡಗಿತು: ವಿಡಿಯೊ ಮೆಮೊರಿ ಸಾಲುತ್ತಿಲ್ಲ. ಅವರ ಗ್ರಾಫಿಕ್ಸ್ ಕಾರ್ಡ್‌ಗಳಲ್ಲಿ ಮೆಮೊರಿ ಬೇಕಾದಷ್ಟಿತ್ತು. ಡ್ರೈವರ್ ಬದಲಿಸಿದರು, ಆಟವನ್ನು ಅಳಿಸಿ ಮತ್ತೆ ಹಾಕಿದರು, ವಿಂಡೋಸನ್ನೇ ಹೊಸದಾಗಿ ಸ್ಥಾಪಿಸಿದರು, ಆಟ ತಯಾರಿಸಿದವರನ್ನು ದೂರಿದರು. ಕೊನೆಗೆ ತಪ್ಪು ಸಿಕ್ಕಿದ್ದು ಇಂಟೆಲ್‌ನ 13 ಮತ್ತು 14ನೇ ಪೀಳಿಗೆಯ ಡೆಸ್ಕ್‌ಟಾಪ್ ಪ್ರೊಸೆಸರ್‌ಗಳಲ್ಲಿ. ಮಿತಿ ಮೀರಿದ ವೋಲ್ಟೇಜ್‌ನಿಂದ ಅವು ಒಳಗೇ ಸವೆದಿದ್ದವು. ಆಟ ಶುರುವಾಗುವ ಹೊತ್ತಿನ ಭಾರಿ ಲೆಕ್ಕಾಚಾರದಲ್ಲಿ ಪ್ರೊಸೆಸರ್ ಎಡವುತ್ತಿತ್ತು. ಕೈಗೆ ಬಂದ ಅಸಂಬದ್ಧ ಉತ್ತರವನ್ನು ಆಟದ ಪ್ರೋಗ್ರಾಮ್ ತನಗೆ ತಿಳಿದ ಮಾತಿನಲ್ಲಿ ಹೇಳುತ್ತಿತ್ತು. ಇಂಟೆಲ್ ಆಗಸ್ಟ್‌ನಲ್ಲಿ ಮೈಕ್ರೋಕೋಡ್ (ಪ್ರೊಸೆಸರ್‌ನೊಳಗಿನ ಸೂಚನೆಗಳ) ತಿದ್ದುಪಡಿ ಕೊಟ್ಟು, ವಾರಂಟಿಯನ್ನು ಎರಡು ವರ್ಷ ವಿಸ್ತರಿಸಿತು. ಆದರೆ ಅಷ್ಟರಲ್ಲಾಗಲೇ ಹಾಳಾಗಿದ್ದ ಚಿಪ್‌ಗಳನ್ನು ಯಾವ ತಿದ್ದುಪಡಿಯೂ ಮೊದಲಿನಂತೆ ಮಾಡಲಾರದು.

ಪರದೆಯ ಮೇಲೆ ಕಾಣುವ ಪ್ರತಿಯೊಂದು ಸಂದೇಶವನ್ನೂ ಬರೆಯುವುದು ಸಾಫ್ಟ್‌ವೇರೇ. ಹಾಗಾಗಿ ಹಾರ್ಡ್‌ವೇರ್ ಕೆಟ್ಟಾಗಲೂ ಸುದ್ದಿ ಬರುವುದು ಸಾಫ್ಟ್‌ವೇರ್ ಹೆಸರಿನಲ್ಲಿ. ಸಂದೇಶ ಏನು ಹೇಳುತ್ತದೆ ಎಂಬುದಕ್ಕಿಂತ, ದೋಷ ಯಾವುದರ ಬೆನ್ನು ಹತ್ತಿದೆ ಎಂದು ಕೇಳಿಕೊಳ್ಳುವುದೇ ಈ ಕೆಲಸದ ತಿರುಳು. ಒಂದು ಫೈಲಿನ ಬೆನ್ನು ಹತ್ತಿದೆಯೇ, ಪ್ರೋಗ್ರಾಮಿನ ಒಂದು ಆವೃತ್ತಿಯ ಬೆನ್ನೇ, ಒಂದು ಯಂತ್ರದ ಬೆನ್ನೇ, ಅಥವಾ ಆ ಯಂತ್ರದ ಒಂದೇ ಒಂದು ಬಿಡಿಭಾಗದ ಬೆನ್ನೇ? ಮುಂದಿನ ಹೆಜ್ಜೆಗಳೆಲ್ಲ ಇದಕ್ಕೆ ಉತ್ತರ ಕಂಡುಕೊಳ್ಳುವ ದಾರಿಗಳು.

ಕೈ ಹಾಕುವ ಮೊದಲು ದತ್ತಾಂಶ ಉಳಿಸಿ

ಸಂಶಯ ಬಂದ ಕೂಡಲೇ ಆಪರೇಟಿಂಗ್ ಸಿಸ್ಟಮ್ ಮರುಸ್ಥಾಪಿಸಲು ಹೊರಡುವವರೇ ಹೆಚ್ಚು. ನನ್ನ ಮಟ್ಟಿಗೆ ಅದು ಎಲ್ಲಕ್ಕಿಂತ ಕೆಟ್ಟ ಮೊದಲ ಹೆಜ್ಜೆ. ಹದಗೆಟ್ಟ ರ್‍ಯಾಮ್ (ಯಂತ್ರದ ತಾತ್ಕಾಲಿಕ ಮೆಮೊರಿ) ಮೂಲಕ ಹಾದುಹೋಗುವ ಹೊಸ ಸಿಸ್ಟಮ್ ಫೈಲ್‌ಗಳೂ ಕೆಟ್ಟೇ ಡಿಸ್ಕ್ ಸೇರಬಹುದು. ಆಗ ಇದ್ದ ಒಂದು ದೋಷದ ಜೊತೆಗೆ ಇನ್ನೊಂದು ಹುಟ್ಟಿಕೊಳ್ಳುತ್ತದೆ. ಡಿಸ್ಕ್ ದುರಸ್ತಿ ಮಾಡುವ ಸಾಧನಗಳನ್ನೂ ಈಗಲೇ ಓಡಿಸಬೇಡಿ. ಅವು ಡಿಸ್ಕಿನ ಮೇಲೆ ಬರೆಯುತ್ತವೆ, ಸಾಯುತ್ತಿರುವ ಡಿಸ್ಕಿಗೆ ಅದೇ ಕೊನೆಯ ಪೆಟ್ಟಾಗಬಹುದು.

ಸಾಧ್ಯವಾದರೆ ಡಿಸ್ಕನ್ನು ಬಿಚ್ಚಿ, ಆರೋಗ್ಯವಾಗಿರುವ ಬೇರೊಂದು ಯಂತ್ರಕ್ಕೆ ಜೋಡಿಸಿ ಅಲ್ಲಿಂದ ನಕಲು ಮಾಡಿ. ಸಂಶಯದ ಯಂತ್ರದಲ್ಲೇ ನಕಲು ಮಾಡುವುದು ಅನಿವಾರ್ಯವಾದರೆ ಹಳೆಯ ಬ್ಯಾಕಪ್ ಮೇಲೆ ಹೊಸದನ್ನು ಬರೆಯಬೇಡಿ, ಬೇರೆ ಜಾಗದಲ್ಲಿಡಿ. ಆ ಹಳೆಯ ಬ್ಯಾಕಪ್ ಕೊನೆಯಲ್ಲಿ ಬೇಕಾಗುತ್ತದೆ.

ದೋಷದ ದಿನಚರಿ ಬರೆಯಿರಿ

ಪ್ರತಿ ಸಲ ತೊಂದರೆಯಾದಾಗ ನಾಲ್ಕು ಸಂಗತಿಗಳನ್ನು ಗುರುತು ಹಾಕಿಕೊಳ್ಳಿ: ಯಾವ ಪ್ರೋಗ್ರಾಮ್ ಓಡುತ್ತಿತ್ತು, ಸಂದೇಶ ಏನಿತ್ತು, ಯಂತ್ರ ಶುರುವಾಗಿ ಎಷ್ಟು ಹೊತ್ತಾಗಿತ್ತು, ಆ ಕ್ಷಣದಲ್ಲಿ ಯಂತ್ರದ ಮೇಲೆ ಹೊರೆ ಹೆಚ್ಚಿತ್ತೇ. ನಾಲ್ಕೈದು ಘಟನೆಗಳಾದ ಮೇಲೆ ಸಾಲಾಗಿಟ್ಟು ನೋಡಿದರೆ ಒಂದು ಚಹರೆ ಮೂಡುತ್ತದೆ.

ಸಾಮಾನ್ಯವಾಗಿ ಸಾಫ್ಟ್‌ವೇರ್ ಬಗ್ ತಾನು ನಿಂತ ಜಾಗವನ್ನು ಬಿಟ್ಟು ಕದಲುವುದಿಲ್ಲ. ಅದೇ ಫೈಲ್ ತೆರೆದರೆ, ಅದೇ ಗುಂಡಿ ಒತ್ತಿದರೆ, ಅದೇ ಸಾಲಿನಲ್ಲಿ ಬೀಳುತ್ತದೆ. ಬೇರೆ ಯಂತ್ರದಲ್ಲೂ ಹಾಗೆಯೇ. ಇಂದು ಬ್ರೌಸರ್, ನಾಳೆ ಸ್ಪ್ರೆಡ್‌ಶೀಟ್, ನಾಡಿದ್ದು ಆಪರೇಟಿಂಗ್ ಸಿಸ್ಟಮ್‌ನ ತಿರುಳಾದ ಕರ್ನಲ್ಲೇ ಕುಸಿದರೆ, ವಿಂಡೋಸ್ ಕುಸಿದಾಗ ಬರುವ ಪ್ರತಿ ನೀಲಿ ಪರದೆಯಲ್ಲೂ ಬೇರೆ ಬೇರೆ ಕಾರಣ ಕಂಡರೆ, ಒಂದಕ್ಕೊಂದು ಸಂಬಂಧವಿಲ್ಲದ ಅಷ್ಟೊಂದು ಪ್ರೋಗ್ರಾಮ್‌ಗಳು ಏಕಕಾಲಕ್ಕೆ ಕೆಟ್ಟವೆಂದು ನಂಬುವುದಕ್ಕಿಂತ ಅವೆಲ್ಲಕ್ಕೂ ಆಧಾರವಾದ ನೆಲವನ್ನೇ ಶಂಕಿಸುವುದು ಸರಿ. ಪ್ರೋಗ್ರಾಮ್‌ಗಳನ್ನು ಯಂತ್ರಭಾಷೆಗೆ ತಿರುಗಿಸುವ ಜಿಸಿಸಿ ಕಂಪೈಲರ್ ಬರೆದವರು ಈ ತರ್ಕವನ್ನು ಪ್ರೋಗ್ರಾಮಿನೊಳಗೇ ಇಟ್ಟಿದ್ದಾರೆ. ಕಂಪೈಲರ್ ಕುಸಿದಾಗ ಅದೇ ಕೆಲಸವನ್ನು ಮತ್ತೆ ಮಾಡಿ ನೋಡುವ ಏರ್ಪಾಡಿದೆ. ಕುಸಿತ ಮರುಕಳಿಸದಿದ್ದರೆ, ಇದು ಬಹುಶಃ ಹಾರ್ಡ್‌ವೇರ್ ಅಥವಾ ಆಪರೇಟಿಂಗ್ ಸಿಸ್ಟಮ್‌ನ ಸಮಸ್ಯೆ ಎಂದು ತಿಳಿಸುತ್ತದೆ.

ಇದನ್ನು ನೀವೂ ಮಾಡಿ ನೋಡಬಹುದು. ರ್‍ಯಾಮ್‌ನ ಗಾತ್ರಕ್ಕಿಂತ ದೊಡ್ಡದಾದ ಒಂದು ಫೈಲ್ ಆರಿಸಿಕೊಂಡು ಅದರ ಎಸ್‌ಎಚ್‌ಎ-256 ಚೆಕ್‌ಸಮ್ ಅನ್ನು (ಫೈಲಿನ ಬೈಟ್‌ಗಳಿಂದಲೇ ಲೆಕ್ಕಕ್ಕೆ ಸಿಗುವ ಗುರುತುಸಂಖ್ಯೆ) ಹಲವು ಬಾರಿ ಲೆಕ್ಕ ಹಾಕಿ. ಫೈಲ್ ಬದಲಾಗದೆ ಉತ್ತರ ಒಂದು ಸಲವಾದರೂ ಬೇರೆಯಾಗಿ ಬಂದರೆ ಆ ಯಂತ್ರವನ್ನು ನಂಬುವಂತಿಲ್ಲ. ಫೈಲ್ ರ್‍ಯಾಮ್‌ಗಿಂತ ದೊಡ್ಡದಿರಬೇಕು ಎನ್ನುವುದಕ್ಕೆ ಕಾರಣವಿದೆ: ಚಿಕ್ಕದಾದರೆ ಮೊದಲ ಸಲ ಓದಿದ್ದು ರ್‍ಯಾಮ್‌ನಲ್ಲೇ ಉಳಿದು, ಮುಂದಿನ ಸಲಗಳಲ್ಲಿ ಅದೇ ನಕಲು, ಕೆಟ್ಟಿದ್ದರೂ ಅದೇ, ಎದುರಿಗೆ ಬರುತ್ತದೆ.

ಇದಕ್ಕೆ ಎರಡೂ ಕಡೆಯಿಂದ ಅಪವಾದಗಳಿವೆ. ಪ್ರೋಗ್ರಾಮಿನೊಳಗೆ ಏಕಕಾಲಕ್ಕೆ ಓಡುವ ಎರಡು ಥ್ರೆಡ್‌ಗಳು ಒಂದೇ ದತ್ತಾಂಶಕ್ಕೆ ಪೈಪೋಟಿ ನಡೆಸುವ ಬಗ್‌ಗಳು ಕೂಡ ಕಂಡಕಂಡ ಹೊತ್ತಿನಲ್ಲಿ ಬಂದುಹೋಗುತ್ತವೆ. ಆದರೆ ಅವು ಒಂದೇ ಪ್ರೋಗ್ರಾಮನ್ನು ಕಾಡುತ್ತವೆ, ಬೇರೆಯವರ ಯಂತ್ರಗಳಲ್ಲೂ ಕಾಡುತ್ತವೆ. ಇತ್ತ ಹಾರ್ಡ್‌ವೇರ್ ದೋಷವೂ ಕರಾರುವಾಕ್ಕಾಗಿ ಮರುಕಳಿಸಬಹುದು. 1994ರ ಪೆಂಟಿಯಮ್ ಪ್ರೊಸೆಸರ್‌ನಲ್ಲಿ 4195835 ಅನ್ನು 3145727ರಿಂದ ಭಾಗಿಸಿದರೆ 1.3338 ಬರಬೇಕಾದಲ್ಲಿ ಪ್ರತಿ ಸಲವೂ 1.3337 ಬರುತ್ತಿತ್ತು. ಫೇಸ್‌ಬುಕ್ ಎಂಜಿನಿಯರ್‌ಗಳು 2021ರಲ್ಲಿ ಪ್ರಕಟಿಸಿದ ಪ್ರಕರಣ ಇನ್ನೂ ಬೋಧಪ್ರದ. ಒಂದು ಸರ್ವರ್‌ನಲ್ಲಿ ಕೆಲವು ಫೈಲ್‌ಗಳು ಸದ್ದಿಲ್ಲದೆ ಕಾಣೆಯಾಗುತ್ತಿದ್ದವು. ಜಾಡು ಹಿಡಿದು ಹೋದರೆ ಸಿಕ್ಕಿದ್ದು ಪ್ರೊಸೆಸರ್‌ನ ಒಂದೇ ಒಂದು ಕೋರ್ (ಅದರೊಳಗಿನ ಲೆಕ್ಕ ಹಾಕುವ ಘಟಕ): 1.1ರ 53ನೇ ಘಾತದ ಪೂರ್ಣಾಂಕ 156 ಎನ್ನಬೇಕಾದಲ್ಲಿ ಅದು ಸೊನ್ನೆ ಎನ್ನುತ್ತಿತ್ತು. ಫೈಲಿನ ಗಾತ್ರ ಸೊನ್ನೆ ಎಂದು ಬಂದುದರಿಂದ ಪ್ರೋಗ್ರಾಮ್ ಅದನ್ನು ಬರೆಯದೆ ಮುಂದೆ ಹೋಗುತ್ತಿತ್ತು. ಯಂತ್ರ ಬರೆದಿಡುವ ದಾಖಲೆಗಳಾದ ಲಾಗ್‌ಗಳಲ್ಲಿ ಎಚ್ಚರಿಕೆಯ ಒಂದು ಸಾಲೂ ಇರಲಿಲ್ಲ.

ಲಾಗ್ ಓದಿ, ಆದರೆ ಅದರ ಮಿತಿ ಅರಿತಿರಿ

ವಿಂಡೋಸ್‌ನ ಈವೆಂಟ್ ವ್ಯೂವರ್‌ನಲ್ಲಿ ಸಿಸ್ಟಮ್ ವಿಭಾಗ ತೆರೆದು ವೀಯಾ-ಲಾಗರ್ (WHEA-Logger) ಹೆಸರಿನ ದಾಖಲೆಗಳಿವೆಯೇ ನೋಡಿ. ಲಿನಕ್ಸ್‌ನಲ್ಲಿ ಕರ್ನಲ್ ಲಾಗ್‌ನಲ್ಲಿ ಹಾರ್ಡ್‌ವೇರ್ ಎರರ್, ಮಷೀನ್ ಚೆಕ್, ಐ/ಒ ಎರರ್ ಎಂಬ ಪದಗಳನ್ನು ಹುಡುಕಿ. ಇವು ಪ್ರೊಸೆಸರ್, ಡಿಸ್ಕ್‌ಗಳೇ ಬಾಯಿಬಿಟ್ಟು ಹೇಳಿದ ಮಾತು, ಗಂಭೀರವಾಗಿ ತೆಗೆದುಕೊಳ್ಳಿ. ಕರ್ನಲ್-ಪವರ್ 41 ಎಂಬ ದಾಖಲೆಯನ್ನು ನೋಡಿ ಪವರ್ ಸಪ್ಲೈ ಕೆಟ್ಟಿದೆ ಎಂದು ತೀರ್ಮಾನಿಸುವವರು ಬಹಳ. ಕಳೆದ ಸಲ ಯಂತ್ರ ಕ್ರಮವಾಗಿ ಮುಚ್ಚಿಕೊಳ್ಳಲಿಲ್ಲ ಎಂಬುದಷ್ಟೇ ಅದರ ಅರ್ಥ. ಯಾಕೆ ಎಂಬುದು ಅದಕ್ಕೂ ತಿಳಿಯದು. ಲಾಗ್‌ನಲ್ಲಿ ಏನೂ ಇಲ್ಲವೆಂದ ಮಾತ್ರಕ್ಕೆ ಹಾರ್ಡ್‌ವೇರ್ ನಿರ್ದೋಷಿಯಾಗುವುದಿಲ್ಲ, ಮೇಲಿನ ಆ ಒಂದು ಕೋರ್ ಇದಕ್ಕೆ ಸಾಕ್ಷಿ.

ರ್‍ಯಾಮ್: ಮೊದಲ ಶಂಕಿತ

ವೇಷ ಮರೆಸುವುದರಲ್ಲಿ ರ್‍ಯಾಮ್‌ನಷ್ಟು ನಿಪುಣವಾದ ಭಾಗ ಇನ್ನೊಂದಿಲ್ಲ. ಕೆಟ್ಟ ಒಂದು ಕೋಶದಲ್ಲಿ ಇಂದು ಚಿತ್ರದ ತುಣುಕು ಕುಳಿತಿದ್ದರೆ ಯಾರ ಗಮನಕ್ಕೂ ಬಾರದ ಒಂದು ಚುಕ್ಕೆಯ ಬಣ್ಣ ಬದಲಾಗುತ್ತದೆ. ನಾಳೆ ಅಲ್ಲಿ ಕರ್ನಲ್‌ನ ವಿಳಾಸವೊಂದು ಕುಳಿತರೆ ಇಡೀ ಯಂತ್ರ ಬೀಳುತ್ತದೆ. ಜಿಪ್ ಫೈಲ್ ಕೆಟ್ಟಿದೆ ಎಂಬ ದೂರು, ಸ್ಥಾಪಿಸುವಾಗ ಅರ್ಧಕ್ಕೆ ನಿಲ್ಲುವ ಪ್ರೋಗ್ರಾಮ್, ತೆರೆಯಲಾಗದ ಡೇಟಾಬೇಸ್ ಇವೆಲ್ಲದರ ಹಿಂದೆ ಅದೇ ಒಂದು ಕೋಶ ಇರಬಹುದು.

ಕೆಟ್ಟ ರ್‍ಯಾಮ್ ಒಂದು ಹೆಜ್ಜೆಗುರುತು ಬಿಡುತ್ತದೆ. ಹಾಳಾದ ಫೈಲನ್ನೂ ಅದರ ಒಳ್ಳೆಯ ನಕಲನ್ನೂ ಬೈಟ್ ಬೈಟ್ ಹೋಲಿಸಿ. ವ್ಯತ್ಯಾಸ ಒಂದೆರಡು ಬೈಟ್‌ಗಳಲ್ಲಷ್ಟೇ ಇದ್ದು, ಆ ಬೈಟ್‌ಗಳ ಅಂತರ 1, 2, 4, 8 ಹೀಗೆ 128ರವರೆಗಿನ ಎರಡರ ಘಾತಗಳಲ್ಲಿ ಒಂದಾಗಿದ್ದರೆ, ಅಲ್ಲಿ ಒಂದೇ ಬಿಟ್ ಮಗುಚಿದೆ (ಸೊನ್ನೆ ಇದ್ದದ್ದು ಒಂದಾಗಿದೆ, ಇಲ್ಲವೇ ಒಂದು ಇದ್ದದ್ದು ಸೊನ್ನೆಯಾಗಿದೆ) ಎಂದು ಬಲವಾಗಿ ಶಂಕಿಸಬಹುದು. ಯುನಿಕೋಡ್‌ನಲ್ಲಿ 'ಕ' ಮತ್ತು 'ಗ' ಅಕ್ಷರಗಳ ನಡುವಿನ ಅಂತರ ಸರಿಯಾಗಿ ಒಂದು ಬಿಟ್. 'ಕಾಳಿ' ಎಂದು ಉಳಿಸಿದ್ದು 'ಗಾಳಿ' ಎಂದು ತೆರೆದುಕೊಂಡರೆ ಯಾವ ಬರಹ ತಂತ್ರಾಂಶವನ್ನೂ ದೂರಬೇಕಾಗಿಲ್ಲ. ಸಾಫ್ಟ್‌ವೇರ್ ಕೆಡಿಸಿದ ಫೈಲ್ ಹೀಗಿರುವುದು ಅಪರೂಪ. ಅಲ್ಲಿ ಸಾಲು ಸಾಲು ಸೊನ್ನೆಗಳು, ಅರ್ಧಕ್ಕೆ ತುಂಡಾದ ಕೊನೆ, ಅಥವಾ ಬೇರೊಂದು ಫೈಲಿನ ತುಣುಕು ಕಾಣುತ್ತದೆ.

2003ರಲ್ಲಿ ಬೆಲ್ಜಿಯಂನ ಸ್ಕಾರ್‌ಬೇಕ್‌ನಲ್ಲಿ ನಡೆದ ವಿದ್ಯುನ್ಮಾನ ಮತ ಎಣಿಕೆಯಲ್ಲಿ ಒಬ್ಬ ಅಭ್ಯರ್ಥಿಗೆ ಬರಲು ಸಾಧ್ಯವೇ ಇಲ್ಲದಷ್ಟು ಮತಗಳು ಬಂದಿದ್ದವು. ಮರುಎಣಿಕೆಯಲ್ಲಿ ಸಿಕ್ಕ ಹೆಚ್ಚುವರಿ ಮತಗಳ ಸಂಖ್ಯೆ 4096, ಅಂದರೆ ಎರಡರ 12ನೇ ಘಾತ. ಪ್ರೋಗ್ರಾಮಿನಲ್ಲಿ ತಪ್ಪು ಸಿಗಲಿಲ್ಲ, ಮೆಮೊರಿಯಲ್ಲಿ ತಾನಾಗಿ ಮಗುಚಿದ ಒಂದು ಬಿಟ್ ಇದಕ್ಕೆ ಕಾರಣವಿರಬೇಕೆಂಬ ನಿಲುವಿಗೆ ಬರಲಾಯಿತು. ತಪ್ಪು ಸಂಖ್ಯೆ ಕಂಡಾಗ ಸರಿಯಾದದ್ದನ್ನು ಅದರಿಂದ ಕಳೆದು, ಉಳಿದದ್ದು ಎರಡರ ಘಾತವೇ ಎಂದು ನೋಡುವ ಅಭ್ಯಾಸವನ್ನು ಎಲ್ಲ ಪ್ರೋಗ್ರಾಮರ್‌ಗಳಿಗೂ ನಾನು ಶಿಫಾರಸು ಮಾಡುತ್ತೇನೆ.

ಹಾಗೆಂದು ಎಲ್ಲವನ್ನೂ ಬಿಟ್ ಮಗುಚಬಲ್ಲ ಬಾಹ್ಯಾಕಾಶದ ಕಿರಣಗಳ ಲೆಕ್ಕಕ್ಕೆ ಬರೆದು ಸುಮ್ಮನಾಗಬೇಡಿ. ಗೂಗಲ್ ತನ್ನ ಸರ್ವರ್‌ಗಳ ಬಗ್ಗೆ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ವರ್ಷವೊಂದಕ್ಕೆ ಶೇ 8ಕ್ಕೂ ಹೆಚ್ಚು ರ್‍ಯಾಮ್ ಪಟ್ಟಿಗಳಲ್ಲಿ (ಮದರ್‌ಬೋರ್ಡಿಗೆ ಸಿಕ್ಕಿಸುವ ಮೆಮೊರಿ ಮಾಡ್ಯೂಲ್‌ಗಳು) ದೋಷ ಕಂಡಿತ್ತು; ಒಮ್ಮೆ ದೋಷ ತೋರಿದ ಪಟ್ಟಿಯಲ್ಲೇ ಅದು ಮತ್ತೆ ಮತ್ತೆ ತಲೆದೋರುತ್ತಿತ್ತು. ಮರುಕಳಿಸಿದರೆ ಅದು ಆಕಸ್ಮಿಕವಲ್ಲ, ಪಟ್ಟಿಯೇ ಕೆಟ್ಟಿದೆ.

ಪರೀಕ್ಷೆ ಹೀಗೆ ಮಾಡಿ. ಮೊದಲು ಬಯಾಸ್‌ಗೆ (ಯಂತ್ರ ಶುರುವಾಗುವಾಗ ತೆರೆಯಬಹುದಾದ ಮದರ್‌ಬೋರ್ಡಿನ ಸೆಟ್ಟಿಂಗ್‌ಗಳಿಗೆ) ಹೋಗಿ ಎಕ್ಸ್‌ಎಂಪಿ ಅಥವಾ ಎಕ್ಸ್‌ಪೊ ಎಂಬ ವೇಗವರ್ಧನೆಯ ಆಯ್ಕೆ ಚಾಲೂ ಇದೆಯೇ ನೋಡಿ. ಮೆಮೊರಿ ಪರೀಕ್ಷಿಸುವ ಮೆಮ್‌ಟೆಸ್ಟ್86+ ಪ್ರೋಗ್ರಾಮನ್ನು ಯುಎಸ್‌ಬಿ ಡ್ರೈವ್‌ಗೆ ಹಾಕಿ, ಅದರಿಂದಲೇ ಯಂತ್ರ ಶುರು ಮಾಡಿ ರಾತ್ರಿಯಿಡೀ ಓಡಲು ಬಿಡಿ. ವಿಂಡೋಸ್‌ನ ಒಳಗಿರುವ ಮೆಮೊರಿ ಪರೀಕ್ಷೆ ಬೇಗ ಮುಗಿಯುತ್ತದೆ, ಆದರೆ ನನಗೆ ಮೆಮ್‌ಟೆಸ್ಟ್ ಮೇಲೆ ಹೆಚ್ಚು ಭರವಸೆ. ಇಲ್ಲಿ ಸಹಿಸಬಹುದಾದ ದೋಷಗಳ ಸಂಖ್ಯೆ ಸೊನ್ನೆ. ಒಂದು ಬಂದರೂ ಅನುತ್ತೀರ್ಣ.

ದೋಷ ಬಂತೆಂದರೆ ವೇಗವರ್ಧನೆ ನಿಲ್ಲಿಸಿ ಮತ್ತೆ ಪರೀಕ್ಷಿಸಿ. ಆಗ ಮಾಯವಾದರೆ ಪಟ್ಟಿ ಆ ವೇಗವನ್ನು ಈ ಮದರ್‌ಬೋರ್ಡಿನಲ್ಲಿ ತಾಳಲಾರದು ಎಂದರ್ಥ, ಕಡಿಮೆ ವೇಗದಲ್ಲಿ ಬಳಸಬಹುದು. ಆಗಲೂ ಉಳಿದರೆ ಒಂದೊಂದೇ ಪಟ್ಟಿಯನ್ನು ಒಂದೇ ಸ್ಲಾಟ್‌ನಲ್ಲಿಟ್ಟು ಪರೀಕ್ಷಿಸಿ, ನಂತರ ಒಳ್ಳೆಯದೆಂದು ಗೊತ್ತಾದ ಪಟ್ಟಿಯನ್ನು ಉಳಿದ ಸ್ಲಾಟ್‌ಗಳಲ್ಲಿಟ್ಟು ನೋಡಿ. ದೋಷ ಪಟ್ಟಿಯ ಜೊತೆ ಹೋದರೆ ಪಟ್ಟಿ ಬದಲಿಸಿ. ಸ್ಲಾಟ್‌ನಲ್ಲೇ ಉಳಿದರೆ ಸ್ಲಾಟ್, ಮದರ್‌ಬೋರ್ಡ್ ಅಥವಾ ಪ್ರೊಸೆಸರ್‌ನೊಳಗಿನ ಮೆಮೊರಿ ನಿಯಂತ್ರಕ ಶಂಕಿತವಾಗುತ್ತದೆ.

ರಾತ್ರಿಯಿಡೀ ಓಡಿಯೂ ದೋಷ ಕಾಣದಿದ್ದರೆ ರ್‍ಯಾಮ್ ಮೇಲಿನ ಸಂಶಯ ತಗ್ಗುತ್ತದೆ, ತೀರುವುದಿಲ್ಲ. ಆ ಪರೀಕ್ಷೆಯಲ್ಲಿ ಗ್ರಾಫಿಕ್ಸ್ ಕಾರ್ಡ್ ತಣ್ಣಗಿರುತ್ತದೆ, ಪೆಟ್ಟಿಗೆಯೊಳಗೆ ಸೆಕೆ ಇರುವುದಿಲ್ಲ. ಹೀಗಾಗಿ ಪ್ರೊಸೆಸರ್‌ಗೆ ಭಾರಿ ಲೆಕ್ಕ ಕೊಡುವ ಪ್ರೈಮ್95 ಪ್ರೋಗ್ರಾಮನ್ನೂ ಕೆಲವು ಗಂಟೆ ಓಡಿಸಿ. ತಾನು ಮಾಡಿದ ಲೆಕ್ಕವನ್ನು ತಾನೇ ತಾಳೆ ನೋಡುವುದು ಅದರ ವಿಶೇಷ. ಪ್ರತಿ ಸಲವೂ ಒಂದೇ ಕೋರ್‌ನ ಕೆಲಸ ನಿಂತುಹೋದರೆ ಬೆರಳು ಪ್ರೊಸೆಸರ್ ಕಡೆ ತಿರುಗಬೇಕು.

ಬಿಸಿ ಮತ್ತು ವಿದ್ಯುತ್

ದಿನಚರಿಯಲ್ಲಿ ಯಂತ್ರ ಶುರುವಾಗಿ ಎಷ್ಟು ಹೊತ್ತು ಎಂದು ಬರೆದದ್ದು ಇಲ್ಲಿ ಉಪಯೋಗಕ್ಕೆ ಬರುತ್ತದೆ. ಮೊದಲ ಹತ್ತು ನಿಮಿಷ ಚುರುಕಾಗಿದ್ದು ಆಮೇಲೆ ತೆವಳುವ ಯಂತ್ರವನ್ನು ಕಂಡು ಹೊಸ ಅಪ್‌ಡೇಟ್ ಬಂದ ಮೇಲೆ ನಿಧಾನವಾಯಿತು ಎನ್ನುತ್ತೇವೆ. ತಾಪಮಾನ ಮತ್ತು ಪ್ರೊಸೆಸರ್ ವೇಗವನ್ನು ಒಟ್ಟಿಗೆ ತೋರಿಸುವ ಯಾವುದಾದರೂ ಪ್ರೋಗ್ರಾಮ್ ಹಾಕಿ ನೋಡಿ. ತಾಪಮಾನ ಮಿತಿ ಮುಟ್ಟಿದ ಕ್ಷಣದಲ್ಲೇ ವೇಗ ಕುಸಿದರೆ (ಅನೇಕ ಪ್ರೊಸೆಸರ್‌ಗಳಲ್ಲಿ ಈ ಮಿತಿ 100 ಡಿಗ್ರಿ ಸೆಲ್ಸಿಯಸ್ ಆಸುಪಾಸು) ಧೂಳು ತುಂಬಿದ ಫ್ಯಾನ್ ಅಥವಾ ಒಣಗಿದ ಥರ್ಮಲ್ ಪೇಸ್ಟ್ ಕಾರಣವಿರಬಹುದು. ತಣ್ಣಗಿದ್ದಾಗ ಮಾತ್ರ ಕೈಕೊಟ್ಟು ಬಿಸಿಯಾದ ಮೇಲೆ ಸರಿಯಾಗುವ ಯಂತ್ರವೂ ಉಂಟು. ಅಲ್ಲಿ ಬಿರುಕು ಬಿಟ್ಟ ಬೆಸುಗೆಯನ್ನೋ ಸಡಿಲವಾದ ಜೋಡಣೆಯನ್ನೋ ಹುಡುಕಿ.

ವಿದ್ಯುತ್ ದೋಷದ ಗುರುತು ಮೌನ. ನೀಲಿ ಪರದೆ ಇಲ್ಲ, ಸಂದೇಶ ಇಲ್ಲ. ಹೊರೆ ಹಠಾತ್ತನೆ ಏರಿದ ಕ್ಷಣದಲ್ಲಿ ಯಂತ್ರ ಆರಿ ಮತ್ತೆ ಹೊತ್ತಿಕೊಳ್ಳುತ್ತದೆ. ಡೆಸ್ಕ್‌ಟಾಪ್ ಪವರ್ ಸಪ್ಲೈಗಳ ಎಟಿಎಕ್ಸ್ ಮಾನದಂಡದ 2.x ಆವೃತ್ತಿಗಳ ಪ್ರಕಾರ 12 ವೋಲ್ಟ್ ತಂತಿಯಲ್ಲಿ ಶೇ 5ರ ಏರಿಳಿತಕ್ಕೆ ಅವಕಾಶವಿದೆ, ಅಂದರೆ 11.4ರಿಂದ 12.6ರವರೆಗೆ. ಮಲ್ಟಿಮೀಟರ್‌ನಲ್ಲಿ ಇದನ್ನು ಅಳೆಯಬಹುದಾದರೂ ಕಣ್ಣೆವೆ ಮುಚ್ಚುವಷ್ಟರಲ್ಲಿ ಆಗಿಹೋಗುವ ಕುಸಿತವನ್ನು ಅದು ತೋರಿಸುವುದಿಲ್ಲ. ಬೇರೆ ಪವರ್ ಸಪ್ಲೈ ಹಾಕಿ ನೋಡುವುದೇ ನಂಬಲರ್ಹ ದಾರಿ. ಪವರ್ ಸಪ್ಲೈ ಪೆಟ್ಟಿಗೆಯನ್ನು ಮಾತ್ರ ಬಿಚ್ಚಲೇಬೇಡಿ. ಪ್ಲಗ್ ಕಿತ್ತ ಮೇಲೂ ಒಳಗಿನ ಕೆಪಾಸಿಟರ್‌ಗಳಲ್ಲಿ ಪ್ರಾಣಾಪಾಯದಷ್ಟು ವಿದ್ಯುತ್ ಉಳಿದಿರಬಹುದು. ರಾಸ್ಪ್‌ಬೆರಿ ಪೈನಂಥ ಪುಟ್ಟ ಬೋರ್ಡ್‌ಗಳಲ್ಲಿ ತೆಳ್ಳನೆಯ ಯುಎಸ್‌ಬಿ ಕೇಬಲ್ ಒಂದೇ ಸಾಕು: ವೋಲ್ಟೇಜ್ ಸುಮಾರು 4.63ಕ್ಕಿಂತ ಇಳಿದರೆ ಬೋರ್ಡ್ ಎಚ್ಚರಿಸುತ್ತದೆ. ಆ ಎಚ್ಚರಿಕೆಯನ್ನು ಕಡೆಗಣಿಸಿದವರು ಆಮೇಲೆ ಕೆಟ್ಟ ಮೆಮೊರಿ ಕಾರ್ಡ್‌ಗೂ ಕಳಚಿಕೊಳ್ಳುವ ಯುಎಸ್‌ಬಿ ಸಾಧನಗಳಿಗೂ ಲಿನಕ್ಸನ್ನು ದೂರುತ್ತಾರೆ.

ಡಿಸ್ಕ್ ಮತ್ತು ಕೇಬಲ್

ಪ್ರೋಗ್ರಾಮ್‌ಗಳು ಅರ್ಧ ನಿಮಿಷ ಮರಗಟ್ಟಿ ಮತ್ತೆ ಏನೂ ಆಗದಂತೆ ಮುಂದುವರಿದರೆ ಡಿಸ್ಕ್ ಒಂದೇ ಜಾಗವನ್ನು ಓದಲು ಪದೇ ಪದೇ ಹೆಣಗುತ್ತಿರಬಹುದು. ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಇಟ್ಟುಕೊಳ್ಳುವ ಸ್ಮಾರ್ಟ್ ವರದಿ ತೆಗೆಯಿರಿ. ಕ್ರಿಸ್ಟಲ್‌ಡಿಸ್ಕ್‌ಇನ್ಫೊ ಅಥವಾ ಸ್ಮಾರ್ಟ್‌ಮಾನ್‌ಟೂಲ್ಸ್ ಸಾಕು. ಒಟ್ಟಾರೆ ಉತ್ತೀರ್ಣ ಎಂದು ಬರುವ ಸಾಲಿಗೆ ಮರುಳಾಗಬೇಡಿ. ಸಾಟಾ ಡಿಸ್ಕ್‌ಗಳಲ್ಲಿ 5, 197, 198 ಎಂಬ ಗುರುತುಸಂಖ್ಯೆಯ (ಐಡಿ) ಸಾಲುಗಳ ಮೂಲ ಸಂಖ್ಯೆ ಸೊನ್ನೆಯಿಂದ ಮೇಲೇರುತ್ತಿದ್ದರೆ ಡಿಸ್ಕ್ ಬದಲಿಸುವ ಕಾಲ ಬಂದಿದೆ. 199 ಎಂಬ ಗುರುತುಸಂಖ್ಯೆಯ ಸಾಲು ಮಾತ್ರ ಏರುತ್ತಿದ್ದರೆ ಡಿಸ್ಕ್ ಚೆನ್ನಾಗಿಯೇ ಇರಬಹುದು, ಡಿಸ್ಕಿಗೂ ಬೋರ್ಡಿಗೂ ನಡುವಿನ ಕೇಬಲ್ ಬದಲಿಸಿ ನೋಡಿ. ಮೆಮೊರಿ ಕಾರ್ಡ್ ಅಥವಾ ಪೆನ್‌ಡ್ರೈವ್‌ಗೆ ಹಾಕಿದ ಹೊಸ ಫೈಲ್‌ಗಳು ಮಾತ್ರ ಹಾಳಾಗುತ್ತಿದ್ದರೆ ಅದರ ಗಾತ್ರವೇ ಸುಳ್ಳಿರಬಹುದು. ಎಚ್2ಟೆಸ್ಟ್‌ಡಬ್ಲ್ಯು ಅಥವಾ ಎಫ್3 ಇಡೀ ಜಾಗವನ್ನು ತುಂಬಿ, ಮತ್ತೆ ಓದಿ ನಿಜ ಹೇಳುತ್ತದೆ.

ಜಾಲದ ಕೇಬಲ್‌ನಲ್ಲಿ ನಾಲ್ಕು ಜೋಡಿ ತಂತಿಗಳಿರುತ್ತವೆ. ಗಿಗಾಬಿಟ್ ವೇಗಕ್ಕೆ ನಾಲ್ಕೂ ಬೇಕು, 100 ಮೆಗಾಬಿಟ್‌ಗೆ ಎರಡು ಸಾಕು. ಸಂಪರ್ಕದ ವೇಗ 1000ದ ಬದಲು 100 ಎಂದು ತೋರುತ್ತಿದ್ದರೆ ಸರ್ವರ್ ನಿಧಾನ ಎಂದು ಗೊಣಗುವ ಮೊದಲು ಕೇಬಲ್ ಬದಲಿಸಿ.

ಇನ್ನು ಕೆಲವು ಚಿಕ್ಕಪುಟ್ಟ ವೇಷಗಳು. ಎಲ್ಲ ಜಾಲತಾಣಗಳೂ ಅಸುರಕ್ಷಿತ ಎಂದು ಬ್ರೌಸರ್ ಹೇಳಿದರೆ ಗಡಿಯಾರ ನೋಡಿ. ಮದರ್‌ಬೋರ್ಡಿನ 3 ವೋಲ್ಟ್ ನಾಣ್ಯದಾಕಾರದ ಸೆಲ್ ಮುಗಿದರೆ ದಿನಾಂಕ ಹಿಂದಕ್ಕೆ ಹೋಗಿ ಪ್ರಮಾಣಪತ್ರಗಳೆಲ್ಲ ಅಮಾನ್ಯವಾಗುತ್ತವೆ. ಮೊಬೈಲ್ ಪರದೆ ತಾನಾಗಿ ಒತ್ತಿಕೊಳ್ಳುವುದು ಚಾರ್ಜ್ ಆಗುವಾಗ ಮಾತ್ರವಾದರೆ ಚಾರ್ಜರ್ ಬದಲಿಸಿ. ಶೇ 30 ಎಂದು ತೋರಿಸುತ್ತಲೇ ಆರಿಹೋಗುವ ಮೊಬೈಲ್‌ನಲ್ಲಿ ಮುಪ್ಪಾದ ಬ್ಯಾಟರಿ ಹೊರೆ ತಾಳಲಾರದೆ ಸೋಲುತ್ತಿದೆ. ಹೀಗೆ ಆರುವುದನ್ನು ತಪ್ಪಿಸಲು ಹಳೆಯ ಐಫೋನ್‌ಗಳ ವೇಗವನ್ನು ತಗ್ಗಿಸುತ್ತಿರುವುದಾಗಿ ಆಪಲ್ 2017ರಲ್ಲಿ ಒಪ್ಪಿಕೊಂಡಿತ್ತು.

ಬದಲಿಸಿ, ಮತ್ತೆ ಹಳೆಯದನ್ನೇ ಹಾಕಿ ನೋಡಿ

ಅಂತಿಮ ತೀರ್ಪು ಕೊಡುವುದು ಅದಲುಬದಲು. ಒಂದು ಸಲಕ್ಕೆ ಒಂದೇ ಭಾಗ. ಶಂಕಿತ ಭಾಗವನ್ನು ಒಳ್ಳೆಯ ಯಂತ್ರಕ್ಕೆ ಹಾಕಿದಾಗ ದೋಷ ಅಲ್ಲಿಗೆ ಹೋಗಬೇಕು, ಒಳ್ಳೆಯ ಭಾಗ ಬಂದಾಗ ಇಲ್ಲಿ ನಿಲ್ಲಬೇಕು. ಬಹಳ ಜನ ಬಿಟ್ಟುಬಿಡುವ ಹೆಜ್ಜೆ ಇದರ ನಂತರದ್ದು: ಹಳೆಯ ಭಾಗವನ್ನು ಮತ್ತೆ ಹಾಕಿ ದೋಷ ಮರಳುತ್ತದೆಯೇ ಎಂದು ನೋಡುವುದು. ಬಿಚ್ಚಿ ಕೂರಿಸಿದ್ದರಿಂದಲೇ ಸಡಿಲ ಸಂಪರ್ಕ ಸರಿಹೋಗಿರಬಹುದು. ಹಾಗಾದರೆ ಹೊಸ ಭಾಗ ಕೊಳ್ಳುವ ಅಗತ್ಯವೇ ಇರಲಿಲ್ಲ.

ಎಷ್ಟು ಕಾಯಬೇಕು? ದೋಷ ಸರಾಸರಿ ಮೂರು ದಿನಕ್ಕೊಮ್ಮೆ ಬರುತ್ತಿದ್ದರೆ ಒಂದು ದಿನ ಬರಲಿಲ್ಲವೆಂದು ಸಂಭ್ರಮಿಸುವಂತಿಲ್ಲ. ಗೊತ್ತುಗುರಿಯಿಲ್ಲದೆ ಬರುವ ದೋಷವಾದರೆ, ಅದರ ಸರಾಸರಿ ಅಂತರದ ಮೂರು ಪಟ್ಟು ಕಾಲ ಕಾದಾಗ ಅದು ಸುಮ್ಮನೆ ಅದೃಷ್ಟದಿಂದ ಕಾಣಿಸದೇ ಇರುವ ಸಾಧ್ಯತೆ ಶೇ 5ಕ್ಕೆ ಇಳಿಯುತ್ತದೆ. ಅಂದರೆ ಈ ಯಂತ್ರಕ್ಕೆ ಒಂಬತ್ತು ದಿನ.

ಹಾರ್ಡ್‌ವೇರನ್ನು ಆತುರದಿಂದ ದೂರುವುದೂ ತಪ್ಪೇ. ಅದೇ ಆವೃತ್ತಿಯ ಪ್ರೋಗ್ರಾಮ್ ಬೇರೆ ಯಂತ್ರದಲ್ಲೂ ಹಾಗೆಯೇ ಕುಸಿದರೆ ಅದು ಸಾಫ್ಟ್‌ವೇರ್ ಬಗ್, ಅಲ್ಲಿಗೆ ಹುಡುಕಾಟ ನಿಲ್ಲಿಸಿ. ಆದರೆ ಅಪ್‌ಡೇಟ್ ಆದ ದಿನವೇ ತೊಂದರೆ ಶುರುವಾಯಿತೆಂಬುದು ಪೂರ್ಣ ಸಾಕ್ಷ್ಯವಲ್ಲ. ಹೊಸ ಆವೃತ್ತಿ ಹೆಚ್ಚು ಮೆಮೊರಿ ಬಳಸಿ, ಅಲ್ಲಿಯವರೆಗೆ ಯಾರೂ ಮುಟ್ಟದ ಕೆಟ್ಟ ಕೋಶವನ್ನು ಮುಟ್ಟಿರಬಹುದು. ವೇಷ ಅದಲುಬದಲಾಗುವುದೂ ಉಂಟು. 2019ರಲ್ಲಿ ಎಚ್‌ಪಿಇ ಕಂಪನಿಯು ತನ್ನ ಕೆಲವು ಎಸ್‌ಎಸ್‌ಡಿಗಳು 32,768 ಗಂಟೆ ಓಡಿದ ಮೇಲೆ ಪೂರ್ತಿ ಸತ್ತುಹೋಗುತ್ತವೆ ಎಂದು ಎಚ್ಚರಿಸಿತು. ಆ ಸಂಖ್ಯೆ ಎರಡರ 15ನೇ ಘಾತ, ದೋಷವಿದ್ದದ್ದು ಫರ್ಮ್‌ವೇರ್‌ನಲ್ಲಿ, ಅಂದರೆ ಆ ಭಾಗದೊಳಗೇ ಇರುವ ಸಾಫ್ಟ್‌ವೇರ್‌ನಲ್ಲಿ. ಆದ್ದರಿಂದ ಭಾಗ ಬದಲಿಸುವ ಮೊದಲು ಅದರ ಫರ್ಮ್‌ವೇರ್‌ಗೂ ಮದರ್‌ಬೋರ್ಡಿನ ಬಯಾಸ್‌ಗೂ ತಿದ್ದುಪಡಿ ಬಂದಿದೆಯೇ ನೋಡಿ. ಆದರೆ ರ್‍ಯಾಮ್ ಸರಿಯಿದೆ ಎಂದು ಖಚಿತವಾಗುವವರೆಗೆ ಬಯಾಸ್ ಅಪ್‌ಡೇಟ್ ಮಾಡಬೇಡಿ.

ಕೆಟ್ಟ ಭಾಗ ಹೋಗಿ ಹೊಸದು ಬಂದ ಮೇಲೂ ಕೆಲಸ ಉಳಿದಿರುತ್ತದೆ. ಆ ಅವಧಿಯಲ್ಲಿ ಬರೆದ ಪ್ರತಿಯೊಂದು ಫೈಲೂ ಸಂಶಯಾಸ್ಪದ. ಮೊದಲು ಎತ್ತಿಟ್ಟ ಹಳೆಯ ಬ್ಯಾಕಪ್ ತೆಗೆದು, ನೀವು ತಿದ್ದಿಲ್ಲದ ಫೈಲ್‌ಗಳ ಚೆಕ್‌ಸಮ್‌ಗಳನ್ನು ಹೋಲಿಸಿ. ಬೇರೆಯಾಗಿರುವುದನ್ನು ಬ್ಯಾಕಪ್‌ನಿಂದ ಮರಳಿ ತನ್ನಿ. ಡೇಟಾಬೇಸ್ ಇದ್ದರೆ ಅದರದೇ ಸಮಗ್ರತೆಯ ಪರೀಕ್ಷೆ ಓಡಿಸಿ. ಡಿಸ್ಕ್ ದುರಸ್ತಿಯ ಸಾಧನವನ್ನು ಈಗ ಓಡಿಸಬಹುದು, ಆಪರೇಟಿಂಗ್ ಸಿಸ್ಟಮ್ ಮರುಸ್ಥಾಪಿಸಲೂ ಇದೇ ಸರಿಯಾದ ಸಮಯ. ಫೋಟೊಗಳನ್ನೂ ಹಳೆಯ ದಾಖಲೆಗಳನ್ನೂ ಒಂದು ಸಲ ತೆರೆದು ನೋಡಿ. ಅಷ್ಟಾಗುವವರೆಗೆ ಆ ಹಳೆಯ ಬ್ಯಾಕಪ್ ಅಳಿಸಬೇಡಿ.